ಬುಗ್ಗೆಗೆ ತಿಥಿ ಗೊತ್ತುಮಾಡುವವರು

ಹೋದ ತಿಂಗಳು ನಮ್ಮೂರಿನ ಸಾಹಿತ್ಯಾಸಕ್ತರ ಕೂಟವೊಂದರಲ್ಲಿ ಮಿತ್ರರೊಬ್ಬರು ತಮ್ಮ ನ್ಯೂಜಿಲೆಂಡ್ ಪ್ರವಾಸದ ಅನುಭವಗಳನ್ನು ಹೇಳಿದರು, ಚಿತ್ರಗಳನ್ನೂ ತೋರಿಸಿದರು. ಮಾತು ಸೊಗಸಾಗಿತ್ತು, ಸಭೆ ತುಂಬಿತ್ತು, ಕೊನೆಯಲ್ಲಿ ಕಾಫಿಯೂ ಇತ್ತು. ಇಷ್ಟೆಲ್ಲ ಆದಮೇಲೆ ತಕರಾರು ತೆಗೆಯುವುದು ಸೌಜನ್ಯವಲ್ಲವೆಂದು ಅಂದು ಸುಮ್ಮನಿದ್ದೆ. ಆದರೆ ಅಲ್ಲಿ ಕೇಳಿದ ಎರಡು ಮಾತುಗಳು ಈವರೆಗೂ ನನ್ನನ್ನು ಬಿಟ್ಟಿಲ್ಲ. ಸಭೆಯಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಆಡಿ ಮುಗಿಸುತ್ತೇನೆ.

ಮೊದಲನೆಯ ಮಾತು ಇದು: “ರೋಟೊರುವಾದಲ್ಲಿ ನೋಡಲೇಬೇಕಾದ್ದೆಂದರೆ ದಿನಾ ಬೆಳಿಗ್ಗೆ ಹತ್ತೂಕಾಲಕ್ಕೆ ಸರಿಯಾಗಿ ಚಿಮ್ಮುವ ಬಿಸಿನೀರಿನ ಬುಗ್ಗೆ. ಪ್ರಕೃತಿಯ ಶಿಸ್ತೆಂದರೆ ಹಾಗಿರಬೇಕು!” ಎರಡನೆಯದು ಇದು: “ಅಲ್ಲಿಯ ಮಾವೊರಿಗಳ ಹಳ್ಳಿಗೆ ಹೋಗಿ ದುಡ್ಡು ದಂಡಮಾಡಬೇಡಿ. ಅದೆಲ್ಲ ಪ್ರವಾಸಿಗಳಿಗಾಗಿ ಕಟ್ಟಿದ ನಾಟಕ.” ಸಭೆ ಮೊದಲನೆಯ ಮಾತಿಗೆ ಚಪ್ಪಾಳೆ ತಟ್ಟಿತು, ಎರಡನೆಯದಕ್ಕೆ ನಕ್ಕಿತು.

ನಾನೂ ಆ ಊರನ್ನು ಕಂಡವನು. ಆಕ್ಲೆಂಡಿನಲ್ಲಿರುವ ನನ್ನ ಸೋದರಳಿಯನ ಮನೆಗೆ 2019ರ ಬೇಸಿಗೆ ರಜೆಯಲ್ಲಿ ಹೋಗಿದ್ದಾಗ ಅವನು ಮೂರು ದಿನದ ಮಟ್ಟಿಗೆ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದ. ಆದ್ದರಿಂದಲೇ ಹೇಳುತ್ತೇನೆ: ಮಿತ್ರರ ಎರಡು ಮಾತುಗಳೂ ತಲೆಕೆಳಗಾಗಿವೆ. ಅವರು ಪ್ರಕೃತಿಯೆಂದು ಮೆಚ್ಚಿದ್ದು ನಾಟಕ. ನಾಟಕವೆಂದು ಜರೆದದ್ದು ಬದುಕು.

ಊರಿನ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ರೋಟೊರುವಾ ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಭಾಗದಲ್ಲಿರುವ ಒಂದು ಸರೋವರ. ಅದರ ದಡದ ಊರಿಗೂ ಅದೇ ಹೆಸರು. ಸುಮಾರು 80 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ನೀರು ನಿಂತಿರುವುದು ಒಂದು ಜ್ವಾಲಾಮುಖಿಯ ಬಾಯಲ್ಲಿ. ಎರಡು ಲಕ್ಷ ವರ್ಷಗಳಿಗೂ ಹಿಂದೆ ಆ ಪರ್ವತ ಸಿಡಿದು ಕುಸಿದುಹೋಗಿ ಉಳಿದ ಕುಳಿಯೇ ಇಂದಿನ ಸರೋವರ. ಒಳಗಿನ ಕಾವು ಇನ್ನೂ ಆರಿಲ್ಲ. ಊರು ಸೇರುವ ಮೊದಲೇ ಗಂಧಕದ ವಾಸನೆ ಮೂಗಿಗೆ ಬರುತ್ತದೆ. ರಸ್ತೆಯ ಬದಿಯ ಚರಂಡಿಯಲ್ಲಿ ಹಬೆ, ಉದ್ಯಾನದ ಹುಲ್ಲಿನ ನಡುವೆ ಹಬೆ, ಬೇಲಿಯಾಚೆ ಕೊತಕೊತ ಕುದಿಯುವ ಕೆಸರು. ಒಲೆಯ ಮೇಲೆ ಸಂಸಾರ ಹೂಡಿದ ಊರು ಅದು.

ಇಲ್ಲಿಂದ ದಕ್ಷಿಣಕ್ಕೆ 30 ಕಿಲೋಮೀಟರಿಗೆ ಸ್ವಲ್ಪ ಕಡಮೆ ದೂರದಲ್ಲಿ ವೈಯೊಟಾಪು ಎಂಬ ಕಣಿವೆ. ಹೆಸರಿನ ಅರ್ಥ ಪವಿತ್ರ ಜಲ. ಮಿತ್ರರು ಮೆಚ್ಚಿದ ಬುಗ್ಗೆ ಇರುವುದು ಅಲ್ಲಿಯೇ. ಹೆಸರು ಲೇಡಿ ನಾಕ್ಸ್. ಅರ್ಧಚಂದ್ರಾಕಾರದ ಆಸನಗಳ ಸಾಲಿನಲ್ಲಿ ನಾವೆಲ್ಲ ನಾಟಕಶಾಲೆಯಲ್ಲಿ ಕುಳಿತಂತೆ ಕುಳಿತೆವು. ಎದುರಿಗೆ ಬಿಳಿಯ ಹುತ್ತದಂತಹ ಒಂದು ಗೂಡು. ಹೊತ್ತಿಗೆ ಸರಿಯಾಗಿ ಒಬ್ಬಾತ ಬಂದು ನಾಲ್ಕು ಮಾತಾಡಿ, ಕೈಯಲ್ಲಿದ್ದ ಚೀಲವನ್ನು ಆ ಹುತ್ತದ ಬಾಯಿಗೆ ಬಗ್ಗಿಸಿದ. ಮೊದಲು ನೊರೆ ಬಂತು; ನೊರೆಯ ಹಿಂದೆ ನೀರು ಬಂತು; ನೀರು ಹತ್ತು ಮೀಟರ್ ದಾಟಿ ಮೇಲಕ್ಕೆದ್ದಿತು. ಫೋಟೋಗಳಾದವು. ಹತ್ತು ನಿಮಿಷದಲ್ಲಿ ಆಸನಗಳು ಖಾಲಿ.

ಚೀಲದಲ್ಲಿದ್ದದ್ದು ಸಾಬೂನು. 1901ರಲ್ಲಿ ಈ ಕಣಿವೆಯಲ್ಲಿ ಬೇಲಿಯಿಲ್ಲದ ಸೆರೆಮನೆಯೊಂದಿತ್ತು. ಅಲ್ಲಿಯ ಕೈದಿಗಳು ಈ ಬಿಸಿನೀರಿನಲ್ಲಿ ಬಟ್ಟೆ ಒಗೆಯಲು ಹೋಗಿ ಸಾಬೂನು ಬಿದ್ದಾಗ ಬುಗ್ಗೆ ಚಿಮ್ಮುವುದನ್ನು ಕಂಡರು. ಆ ಮೇಲೆ ಬಾಯಿಯ ಸುತ್ತ ಕಲ್ಲು ಪೇರಿಸಿ ನೀರು ಎತ್ತರಕ್ಕೆ ಏಳುವಂತೆ ಮಾಡಲಾಯಿತು. ಆ ಕಲ್ಲುಗಳ ಮೇಲೆ ಬುಗ್ಗೆಯ ನೀರಿನ ಸಿಲಿಕಾ ಕಟ್ಟಿಕೊಂಡು ಈಗಿನ ಹುತ್ತವಾಗಿದೆ. 1904ರಲ್ಲಿ, ಆಗ ಗವರ್ನರರಾಗಿದ್ದವರ ಮಗಳ ಹೆಸರನ್ನು ಅದಕ್ಕೆ ಇಟ್ಟರು. ಸಾಬೂನಿನ ಕೆಲಸ ಸರಳವಾದದ್ದು. ಬುಗ್ಗೆಯ ಕೊಳವೆಯಲ್ಲಿ ಕೆಳಗೆ ಕುದಿಮಟ್ಟವನ್ನು ಮೀರಿ ಕಾದ ನೀರು, ಅದರ ಮೇಲೆ ಮುಚ್ಚಳದಂತೆ ತಣ್ಣನೆಯ ನೀರು. ಸಾಬೂನು ನೀರಿನ ಮೇಲ್ಮೈಯ ಬಿಗುವನ್ನು ಸಡಿಲಿಸಿದೊಡನೆ ಎರಡೂ ಬೆರೆಯುತ್ತವೆ, ಮುಚ್ಚಳ ಹಾರುತ್ತದೆ. ತನ್ನ ಪಾಡಿಗೆ ಬಿಟ್ಟರೂ ಈ ಬುಗ್ಗೆ ಚಿಮ್ಮುತ್ತದೆ. ಆದರೆ ಅದು ಗಡಿಯಾರ ನೋಡಿ ಚಿಮ್ಮುವುದಿಲ್ಲ. ಹತ್ತೂಕಾಲರ ಶಿಸ್ತು ಪ್ರಕೃತಿಯದಲ್ಲ, ಪ್ರವಾಸಿ ಬಸ್ಸಿನದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಸಾಬೂನಿನ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. ಕೈದಿಗಳ ಕಥೆಯನ್ನು ಅವನೇ ನಗುನಗುತ್ತ ಹೇಳಿದ. ನನ್ನ ಮಿತ್ರರೂ ಅದನ್ನು ಕೇಳಿಯೇ ಇದ್ದಾರು. ಕೇಳಿಯೂ ಊರಿಗೆ ಬಂದು ‘ಪ್ರಕೃತಿಯ ಶಿಸ್ತು’ ಎಂದರು. ಆದ್ದರಿಂದ ನನ್ನ ತಕರಾರು ಸಾಬೂನು ಹಾಕುವವನ ಮೇಲಲ್ಲ, ಸಾಬೂನನ್ನು ಮರೆಯುವ ನಮ್ಮ ಮೇಲೆ. ಮೂರು ದಿನದಲ್ಲಿ ಎಂಟು ಸ್ಥಳ ಮುಗಿಸಬೇಕಾದವನಿಗೆ ಕಾಯುವುದೆಂದರೆ ನಷ್ಟ. ಕಾಯಿಸದ ಪ್ರಕೃತಿ ಬೇಕು ಅವನಿಗೆ. ಅಂಥದೊಂದು ಸಿಕ್ಕಿದರೆ ಅದು ಪ್ರಕೃತಿಯೇ ಎಂದು ನಂಬಲೂ ಅವನು ಸಿದ್ಧ.

ಇನ್ನು ಆ ‘ನಾಟಕ’ದ ಹಳ್ಳಿಗೆ ಬರೋಣ. ಹೆಸರು ಫಕರೆವರೆವ, ಊರಿನ ದಕ್ಷಿಣದ ಅಂಚಿನಲ್ಲಿದೆ. ಅಲ್ಲಿ ಟೂಹೌರಂಗಿ ಎಂಬ ಮಾವೊರಿ ಪಂಗಡದವರು ವಾಸವಾಗಿದ್ದಾರೆ. ಒಳಗೆ ಹೋಗಲು ಶುಲ್ಕವುಂಟು, ಕರೆದೊಯ್ದು ತೋರಿಸುವ ಮಾರ್ಗದರ್ಶಿಗಳುಂಟು, ಹಾಡು ಕುಣಿತಗಳುಂಟು, ಹಬೆಯಲ್ಲಿ ಬೇಯಿಸಿದ ಊಟವುಂಟು. ಮಿತ್ರರ ದೂರು ಇದೇ: “ಎಲ್ಲಕ್ಕೂ ದುಡ್ಡು!” ಇವರು ಇಲ್ಲಿಗೆ ಯಾಕೆ ಬಂದರು, ಈ ಕಸುಬು ಇವರಿಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದೆವೆ?

ಇವರ ಮೂಲಸ್ಥಾನ ಇಲ್ಲಿಂದ ಆಗ್ನೇಯಕ್ಕೆ, ತರವೆರ ಪರ್ವತದ ಬುಡದಲ್ಲಿತ್ತು. ಅಲ್ಲಿ ರೋಟೊಮಹಾನ ಎಂಬ ಸರೋವರದ ದಡದಲ್ಲಿ, ಬಿಸಿನೀರು ಸಾವಿರಾರು ವರ್ಷ ಹರಿದು ಕಟ್ಟಿದ ಎರಡು ಸೋಪಾನಗಳಿದ್ದವು. ಒಂದು ಬಿಳಿ, ಒಂದು ನಸುಗೆಂಪು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಿಲಿಕಾದ ತೊಟ್ಟಿಗಳು, ಒಂದೊಂದರಲ್ಲೂ ನೀಲಿಯ ನೀರು. 1870ರಲ್ಲಿ ವಿಕ್ಟೋರಿಯಾ ರಾಣಿಯ ಮಗನೇ ಬಂದು ನೋಡಿಹೋದ. 1872ರಲ್ಲಿ ಕಾದಂಬರಿಕಾರ ಆಂಥನಿ ಟ್ರಾಲಪ್ ಬಂದು ಆ ತೊಟ್ಟಿಗಳಲ್ಲಿ ಮಿಂದ. ಯಾತ್ರಿಕರು ತಂಗುತ್ತಿದ್ದದ್ದು ಟೆ ವೈರೋವಾ ಎಂಬ ಹಳ್ಳಿಯಲ್ಲಿ. ದೋಣಿ ಟೂಹೌರಂಗಿಗಳದು, ಹುಟ್ಟು ಹಾಕುವವರು ಅವರು, ದಾರಿ ತೋರಿಸುವವರು ಅವರು. ಚಿತ್ರ ತೆಗೆಯುವವರಿಂದ ಬೇರೆಯೇ ಶುಲ್ಕ ವಸೂಲು ಮಾಡುತ್ತಿದ್ದರು. ಆಗಿನ ಯಾತ್ರಿಕರೂ ಇದಕ್ಕೆ ಗೊಣಗಿಕೊಂಡವರೇ. ನನ್ನ ಮಿತ್ರರ ಗೊಣಗಾಟಕ್ಕೆ ನೂರೈವತ್ತು ವರ್ಷದ ಪರಂಪರೆಯಿದೆ!

ಸಂಪಾದನೆ ಎಷ್ಟಿತ್ತೆಂದರೆ, ಆ ಹಳ್ಳಿಯ ಹಿನೆಮಿಹಿ ಎಂಬ ಸಭಾಮಂದಿರದ ಮರದ ಕೆತ್ತನೆಗಳಿಗೆ ರೂಢಿಯಂತೆ ಕಪ್ಪೆಚಿಪ್ಪಿನ ಕಣ್ಣಿಡುವ ಬದಲು ಇಂಗ್ಲೆಂಡಿನ ಚಿನ್ನದ ನಾಣ್ಯಗಳನ್ನೇ ಇಟ್ಟಿದ್ದರು. ಇದನ್ನು ಕೇಳಿ ದುರಾಸೆಯೆಂದು ಮೂಗು ಮುರಿಯುವವರಿದ್ದಾರೆ. ನನಗೇನೋ ಅದರಲ್ಲಿ ಒಂದು ವಿನೋದ ಕಾಣುತ್ತದೆ: ನೋಡಲು ಬಂದವನ ನಾಣ್ಯವನ್ನೇ ಕಣ್ಣಾಗಿಸಿಕೊಂಡು ಅವನನ್ನು ತಿರುಗಿ ನೋಡುವ ಮನೆ!

1886ರ ಜೂನ್ 10ರ ನಸುಕಿನಲ್ಲಿ ತರವೆರ ಸಿಡಿಯಿತು. ಬೆಟ್ಟದ ನೆತ್ತಿಯಿಂದ ಸರೋವರದ ತಳದವರೆಗೆ, ಅಲ್ಲಿಂದಲೂ ಆಚೆಗೆ, ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಭೂಮಿ ಬಿರಿಯಿತು. ಬಿಳಿಯ ಸೋಪಾನ, ಕೆಂಪು ಸೋಪಾನ ಎರಡೂ ಬೆಳಗಾಗುವುದರೊಳಗೆ ಕಣ್ಮರೆಯಾದವು. ಸುಮಾರು 120 ಜನ ಸತ್ತರು, ಬಹುಮಂದಿ ಮಾವೊರಿಗಳು. ಟೆ ವೈರೋವಾ ಕೆಸರು ಬೂದಿಗಳಡಿಯಲ್ಲಿ ಹೂತುಹೋಯಿತು. ಸೋಫಿಯಾ ಹಿನೆರಂಗಿ ಎಂಬ ಮಾರ್ಗದರ್ಶಿಯ ಮನೆಯ ಛಾವಣಿ ಭಾರವನ್ನು ತಾಳಿಕೊಂಡಿತು. ಅಲ್ಲಿ ಆಶ್ರಯ ಪಡೆದ ಅರವತ್ತಕ್ಕೂ ಹೆಚ್ಚು ಜನ ಬದುಕಿಕೊಂಡರು. ಹಿನೆಮಿಹಿಯೂ ಕೆಲವರನ್ನು ಕಾಪಾಡಿತು. ಸಿಡಿತಕ್ಕೆ ಕೆಲವು ದಿನ ಮುಂಚೆ ಸರೋವರದ ಮೇಲೆ ಭೂತದೋಣಿ ಕಂಡಿತ್ತೆಂಬ ಕಥೆಯನ್ನು ನಮ್ಮ ಮಿತ್ರರು ಸಭೆಯಲ್ಲಿ ಬಹು ರಸವತ್ತಾಗಿ ಹೇಳಿದರು. ಸತ್ತವರ ಕಥೆಯನ್ನು ಹೇಳಲಿಲ್ಲ.

ಬದುಕುಳಿದ ಟೂಹೌರಂಗಿಗಳಿಗೆ ನೆಲ ಹೋಗಿತ್ತು, ದೋಣಿ ಹೋಗಿತ್ತು, ತೋರಿಸುತ್ತಿದ್ದ ವಸ್ತುವೇ ಹೋಗಿತ್ತು. ಉಳಿದದ್ದು ತೋರಿಸುವ ವಿದ್ಯೆ ಒಂದೇ. ಫಕರೆವರೆವದಲ್ಲಿದ್ದ ಬಂಧುಗಳು ಜಾಗ ಕೊಟ್ಟರು. ಸೋಫಿಯಾ ಅಲ್ಲಿಯೇ ಮತ್ತೆ ಮಾರ್ಗದರ್ಶಿಯಾದಳು. ಅವಳ ಹಿಂದೆ ಬಂದವಳು ಮಾಕೆರೆಟಿ. ಪ್ರವಾಸಿಗಳ ಬಾಯಲ್ಲಿ ಮ್ಯಾಗಿ ಪಾಪಕುರ. 1901ರಲ್ಲಿ ಬ್ರಿಟಿಷ್ ಯುವರಾಜ ದಂಪತಿಗಳಿಗೆ ಕಣಿವೆ ತೋರಿಸಿದ ಈಕೆ ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಮಾನವಶಾಸ್ತ್ರ ಓದಿದಳು; ತನ್ನ ಜನದ ಬದುಕನ್ನು ಕುರಿತು ಪ್ರಬಂಧ ಬರೆದಳು. ಪರೀಕ್ಷೆ ಇನ್ನೇನು ಬಂತು ಎನ್ನುವಾಗ 1930ರಲ್ಲಿ ತೀರಿಕೊಂಡಳು. ಪ್ರಬಂಧ 1938ರಲ್ಲಿ ಪುಸ್ತಕವಾಯಿತು. ಪದವಿ ಸಿಕ್ಕಿದ್ದು 2025ರಲ್ಲಿ. ಮೇಷ್ಟರ ಕೆಲಸ ಮಾಡುವ ನನಗೆ ಆ ತೊಂಬತ್ತೈದು ವರ್ಷದ ತಡ ಮನಸ್ಸಿಗೆ ಚುಚ್ಚುತ್ತದೆ. ‘ನಾಟಕದವರು’ ಎಂದಾಗ ಸಭೆ ನಕ್ಕದ್ದು ಇಂಥವರ ಮನೆಯವರನ್ನು ಕುರಿತು.

ಆ ಹಿನೆಮಿಹಿ ಏನಾಯಿತು? ಕೇಳತಕ್ಕ ಕಥೆ. 1892ರಲ್ಲಿ ಗವರ್ನರ್ ಆನ್‌ಸ್ಲೊ ಪ್ರಭುಗಳು 50 ಪೌಂಡಿಗೆ ಅದನ್ನು ಕೊಂಡು, ಬಿಚ್ಚಿಸಿ, ಹಡಗಿಗೇರಿಸಿ ಇಂಗ್ಲೆಂಡಿನ ತಮ್ಮ ಬಂಗಲೆಯ ತೋಟದಲ್ಲಿ ನಿಲ್ಲಿಸಿಕೊಂಡರು. ನೂರಕ್ಕೂ ಹೆಚ್ಚು ವರ್ಷ ಅದು ಅಲ್ಲಿ ನಿಂತಿತು. ಪ್ರವಾಸಿಗಳು ಊರಿಗೆ ನೆನಪಿನ ವಸ್ತು ಒಯ್ಯುತ್ತಾರೆ. ಇವರು ಜನರ ಪ್ರಾಣ ಉಳಿಸಿದ ಮನೆಯನ್ನೇ ಒಯ್ದರು. ಬುಗ್ಗೆಗಳ ಕಣಿವೆಯೂ 1890ರ ದಶಕದಲ್ಲಿ ಬಹುಮಟ್ಟಿಗೆ ಸರ್ಕಾರದ ಕೈ ಸೇರಿತು. 1901ರಲ್ಲಿ ಅದೇ ಸರ್ಕಾರ ಪ್ರವಾಸೋದ್ಯಮಕ್ಕೆಂದೇ ಒಂದು ಇಲಾಖೆ ತೆರೆಯಿತು. ಜಗತ್ತಿನಲ್ಲಿ ಅಂಥ ಇಲಾಖೆ ಅದೇ ಮೊದಲನೆಯದು. ಕಣಿವೆಯ ಒಂದು ಬದಿಗೆ 1960ರ ದಶಕದಲ್ಲಿ ಮಾವೊರಿ ಕಲೆ ಮತ್ತು ಕಸುಬಿನ ಸಂಸ್ಥೆಯೊಂದನ್ನು ಸರ್ಕಾರ ಸ್ಥಾಪಿಸಿತು. ಅದರ ಒಡೆತನ ಅಲ್ಲಿಯ ಪಂಗಡಗಳಿಗೆ ಬಂದದ್ದು 2020ರಲ್ಲಿ. ಇಷ್ಟು ಕಾಲ ತಮ್ಮ ಮನೆಯಂಗಳದಲ್ಲಿ ಇನ್ನೊಬ್ಬರ ಲೆಕ್ಕದ ಪುಸ್ತಕವನ್ನು ನೋಡುತ್ತ ಬಾಳಿದವರು ತಮ್ಮ ಬಾಗಿಲಲ್ಲಿ ಶುಲ್ಕ ಕೇಳಿದರೆ ನಮಗೆ ದುಬಾರಿ!

“ಹಾಗಾದರೆ ಅವರು ಕುಣಿದು ತೋರಿಸುವುದು ನಾಟಕವಲ್ಲವೆ?” ಎಂದು ಮಿತ್ರರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹೊತ್ತಿಗೆ ಸರಿಯಾಗಿ ವೇದಿಕೆಯೇರಿ ಹಾಡುವುದು ಪ್ರದರ್ಶನ. ಅದನ್ನು ಅವರೂ ಅಲ್ಲವೆನ್ನುವುದಿಲ್ಲ. ಹಳ್ಳಿಯ ಬಾಗಿಲಿನ ಸೇತುವೆಯ ಕೆಳಗೆ ಮಕ್ಕಳು ಪ್ರವಾಸಿಗಳೆಸೆದ ಕಾಸಿಗೆ ನೀರಿಗೆ ಧುಮುಕುವುದು ಬಹುಕಾಲದ ರೂಢಿ. ಅದನ್ನು ನೋಡಿ ನನಗೂ ಇರಿಸುಮುರಿಸಾಯಿತು. ನನ್ನ ಪಕ್ಕದಲ್ಲಿ ನಿಂತವರೊಬ್ಬರು ಇನ್ನೂ ಆಳಕ್ಕೆ ಎಸೆಯಬೇಕೆಂದು ಹುರುಪಿನಿಂದ ಗುರಿಯಿಡುತ್ತಿದ್ದರು. ಆ ದೃಶ್ಯದಲ್ಲಿ ನಾಚಿಕೆಪಡಬೇಕಾದದ್ದೇನಾದರೂ ಇದ್ದರೆ ಅದು ಸೇತುವೆಯ ಮೇಲಿತ್ತು, ಕೆಳಗಲ್ಲ. ಆದರೆ ಪ್ರದರ್ಶನ ಮುಗಿದ ಮೇಲೂ ಉಳಿಯುವುದೇನು ಎಂಬುದಲ್ಲವೆ ಪ್ರಶ್ನೆ? ನಮ್ಮನ್ನು ಕರೆದೊಯ್ದ ಹೆಂಗಸು ಕುದಿಯುವ ಕೊಳವೊಂದನ್ನು ತೋರಿಸಿದಳು. ಅದರಲ್ಲಿ ಚೀಲ ಕಟ್ಟಿ ಇಳಿಬಿಟ್ಟ ಜೋಳದ ತೆನೆ ಬೇಯುತ್ತಿತ್ತು. ಅದೇ ನೀರು ಕಾಲುವೆಯಲ್ಲಿ ಹರಿದು ಆರುತ್ತ ಬಂದು ತೊಟ್ಟಿಗಳನ್ನು ತುಂಬುತ್ತದೆ. ಸಂಜೆ ನಾವೆಲ್ಲ ಹೊರಟುಹೋದ ಮೇಲೆ ಊರಿನವರು ಅಲ್ಲಿ ಸ್ನಾನಮಾಡುತ್ತಾರೆ. ಯಾರಿಗೂ ತೋರಿಸುವುದಕ್ಕಲ್ಲ.

ಇನ್ನೊಂದನ್ನು ಕಂಡೆ: ಇಗರ್ಜಿಯ ಪಕ್ಕದ ಸ್ಮಶಾನ. ಗೋರಿಗಳು ನೆಲದ ಮೇಲೆ, ಕಟ್ಟೆ ಕಟ್ಟಿ. ನೆಲ ಅಗೆದರೆ ಕಾವು, ಹೂಳುವಂತಿಲ್ಲ. ಸತ್ತ ಮೇಲೂ ಈ ಬಿಸಿಯೊಡನೆ ಹೊಂದಿಕೊಂಡು ಮಲಗಿದ್ದಾರೆ ಆ ಜನ. ಇದನ್ನು ಯಾವ ಪ್ರವಾಸಿಗಾಗಿ ಕಟ್ಟಿದರು? ಇದು ಯಾವ ನಾಟಕದ ಎಷ್ಟನೆಯ ಅಂಕ?

ಹಳ್ಳಿಯ ಒಂದು ಕಟ್ಟೆಯಿಂದ ಪೊಹುತು ಎಂಬ ದೊಡ್ಡ ಬುಗ್ಗೆ ಕಾಣುತ್ತದೆ. ಒಮ್ಮೊಮ್ಮೆ 30 ಮೀಟರಿನವರೆಗೆ ಏಳುತ್ತದೆ. “ಯಾವಾಗ?” ಎಂದು ಕೇಳಿದೆ. “ಅದಕ್ಕೆ ಬೇಕಾದಾಗ” ಎಂದಳು ಆಕೆ. ಮುಕ್ಕಾಲು ಗಂಟೆ ಕಾದೆವು. ಸೋದರಳಿಯ ಎರಡು ಸಲ ಗಡಿಯಾರ ನೋಡಿದ. ಆಮೇಲೆ ಅದು ಬಂತು. ಹಿಂದಿನ ದಿನ ಹತ್ತೂಕಾಲಕ್ಕೆ ಕಂಡ ನೀರು ನನಗೆ ಚಿತ್ರಗಳಲ್ಲಿ ಮಾತ್ರ ಉಳಿದಿದೆ. ಇದು ಇನ್ನೂ ಕಣ್ಣಲ್ಲಿದೆ.

ಈ ಪೊಹುತು ಇಂದೂ ಚಿಮ್ಮುತ್ತಿರುವುದು ಪುಣ್ಯ. ಊರಿನ ಮನೆಗಳು, ವಸತಿಗೃಹಗಳು ಚಳಿ ಕಾಯಿಸಿಕೊಳ್ಳಲು, ಪ್ರವಾಸಿಗಳಿಗೆ ಬಿಸಿನೀರಿನ ಕೊಳ ಒದಗಿಸಲು ನೂರಾರು ಕೊಳವೆಬಾವಿ ಕೊರೆದು ನೆಲದ ಹಬೆಯನ್ನು ಹೀರಿದವು. ಬುಗ್ಗೆ ನೋಡಲು ಬಂದವನ ಸ್ನಾನಕ್ಕಾಗಿ ಬುಗ್ಗೆಯನ್ನೇ ಬತ್ತಿಸುವ ಏರ್ಪಾಡು! ಫಕರೆವರೆವದಲ್ಲಿ ಹೆಚ್ಚುಕಡಮೆ ಬಿಡುವಿಲ್ಲದೆ ಚಿಮ್ಮುತ್ತಿದ್ದ ಪಾಪಕುರ ಎಂಬ ಬುಗ್ಗೆ 1979ರಲ್ಲಿ ನಿಂತುಹೋಯಿತು. ಕೊನೆಗೆ 1986-87ರಲ್ಲಿ ಸರ್ಕಾರ ಪೊಹುತುವಿನ ಸುತ್ತ 1.5 ಕಿಲೋಮೀಟರಿನೊಳಗಿನ ಕೊಳವೆಬಾವಿಗಳನ್ನೆಲ್ಲ ಮುಚ್ಚಿಸಿತು. ಜನ ಕೂಗಾಡಿದರು; ಆದರೂ ಮುಚ್ಚಿಸಿತು. ದಕ್ಷಿಣದಲ್ಲಿ ಈ ಬುದ್ಧಿ ಹೊತ್ತಿಗೆ ಬರಲಿಲ್ಲ. ವೈರಾಕೆಯಲ್ಲಿ 1958ರಲ್ಲಿ ಭೂಮಿಯ ಹಬೆಯಿಂದ ವಿದ್ಯುತ್ತು ತೆಗೆಯತೊಡಗಿದ ಮೇಲೆ ಅಲ್ಲಿಯ ಹೆಸರಾಂತ ಬುಗ್ಗೆಗಳ ಕಣಿವೆ ಸತ್ತುಹೋಯಿತು. ಒರಾಕೆ ಕೊರಾಕೊದ ಬುಗ್ಗೆಗಳಲ್ಲಿ ಬಹುಪಾಲು 1961ರಲ್ಲಿ ಅಣೆಕಟ್ಟಿನ ನೀರಿನಡಿ ಮುಳುಗಿದವು. ವಿದ್ಯುತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಇಂಥ ನೀರು ಎಂದೆಂದಿಗೂ ಇರುತ್ತದೆಂದುಕೊಂಡು ಗಡಿಯಾರ ನೋಡುವವರು ಈ ಲೆಕ್ಕವನ್ನೂ ನೋಡಲಿ.

ಇದಿಷ್ಟನ್ನೂ ಸಾಹಿತ್ಯದ ಪುಟದಲ್ಲಿ ಯಾಕೆ ಬರೆದೆನೆಂದರೆ, ಪ್ರವಾಸಕಥನ ಕನ್ನಡದಲ್ಲಿ ಜನ ಪ್ರೀತಿಯಿಂದ ಓದುವ ಬರವಣಿಗೆ. ಹೋಗಿಬಂದವರೆಲ್ಲ ಬರೆಯುತ್ತಾರೆ; ಬರೆಯಲಿ. ಆದರೆ ಎಷ್ಟೋ ಬರಹಗಳಲ್ಲಿ ವಿಮಾನದ ತಿಂಡಿ, ಹೋಟೆಲಿನ ಹಾಸಿಗೆ, ನೋಡಿದ ಸ್ಥಳಗಳ ಪಟ್ಟಿ, ಕೊನೆಗೆ ‘ಪ್ರಕೃತಿಯ ವಿಸ್ಮಯ’ ಎಂಬ ಮುದ್ರೆ. ಅಲ್ಲಿಯ ಜನ ಒಂದೋ ಚಿತ್ರದ ಮೂಲೆಯಲ್ಲಿ ನಗುತ್ತಾರೆ, ಇಲ್ಲವೆ ದುಡ್ಡು ಕೇಳುತ್ತಾರೆ. ಯಾರ ಅಂಗಳದಲ್ಲಿ ನಿಂತು ನೋಡಿದೆವೆಂಬುದೇ ಕಾಣದಿದ್ದರೆ ಅದು ಪ್ರವಾಸಕಥನವಲ್ಲ, ಖರ್ಚಿನ ರಸೀತಿ.

ನಮ್ಮಲ್ಲಿ ‘ಅತಿಥಿ’ ಎಂಬ ಒಂದು ಮಾತಿದೆ. ತಿಥಿಯನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಬರುವವನು ಅತಿಥಿ ಎಂದು ಹಿಂದಿನವರು ಬಿಡಿಸಿ ಹೇಳುತ್ತಿದ್ದರು. ಈಗ ನಾವು ಆರು ತಿಂಗಳು ಮುಂಚೆ ತಿಥಿ ಗೊತ್ತುಮಾಡಿಕೊಂಡು ಹೊರಡುತ್ತೇವೆ, ಇರಲಿ, ಕಾಲಧರ್ಮ. ಆದರೆ ಹೋದ ಮನೆಯ ನೀರಿಗೂ ನೆಲಕ್ಕೂ ನಮ್ಮ ಗಡಿಯಾರ ಕಟ್ಟಿ ತಿಥಿ ಗೊತ್ತುಮಾಡಲು ಹೊರಡುತ್ತೇವಲ್ಲ, ತಿಥಿ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಅರ್ಥವೂ ಇದೆಯೆಂಬುದನ್ನು ಮರೆಯಬಾರದು.

ಅಂದಹಾಗೆ, 1979ರಲ್ಲಿ ನಿಂತುಹೋದ ಪಾಪಕುರ 2015ರಲ್ಲಿ ಮತ್ತೆ ಚಿಮ್ಮಿತು. ಮೂವತ್ತಾರು ವರ್ಷ! ಅದಕ್ಕೆ ಯಾರೂ ಸಾಬೂನು ತಿನ್ನಿಸಿ ಕರೆದಿರಲಿಲ್ಲ. ಜನ ತಮ್ಮ ಬಾವಿ ಮುಚ್ಚಿ ಕಾದಿದ್ದರು, ಅದು ತಾನಾಗಿ ಬಂತು. ನನ್ನ ಮಿತ್ರರು ಮುಂದಿನ ಸಲ ಆ ಊರಿಗೆ ಹೋದರೆ ಹಳ್ಳಿಯ ಬಾಗಿಲಲ್ಲಿ ಶುಲ್ಕ ಕೊಟ್ಟು ಒಳಗೆ ಹೋಗಲಿ. ಗಡಿಯಾರವನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಲಿ.